ಸಂಪಾಜೆ ಘಾಟಿಯಲ್ಲಿ ಜಾರಿದ ಟ್ಯಾಕ್ಸಿ: ಆ್ಯಪ್ ಚಾಲಕ ನೌಕರನೋ, ಸ್ವತಂತ್ರ ಗುತ್ತಿಗೆದಾರನೋ?

ಇದು ಅಭ್ಯಾಸಕ್ಕೆಂದು ಕಟ್ಟಿದ ಪ್ರಕರಣ. ಚಾಲಕ, ಕಂಪನಿ, ಬಾಡಿಗೆಯ ಅಂಕಿ ಎಲ್ಲವೂ ಕಲ್ಪಿತ. ರಸ್ತೆ, ಕಾನೂನು, ತೀರ್ಪು, ಪರಿಹಾರದ ಸೂತ್ರ ಇದ್ದದ್ದು ಇದ್ದ ಹಾಗೆ. ಆ್ಯಪ್ ಚಾಲಕ ನೌಕರನೇ ಅಲ್ಲವೇ ಎಂಬ ಚರ್ಚೆ ಹೆಚ್ಚಾಗಿ ಬೆಂಗಳೂರಿನ ಟ್ರಾಫಿಕ್ಕಿನ ನಡುವೆ ನಿಂತು ನಡೆಯುತ್ತದೆ. ಅದನ್ನು ಕೊಡಗಿಗೆ ತಂದರೆ ಲೆಕ್ಕ ಬದಲಾಗುತ್ತದೆ.

ನಡೆದದ್ದು

ಕುಶಾಲನಗರದ ಚಾಲಕ, ವಯಸ್ಸು 40. ಸಾಲದಲ್ಲಿ ಕೊಂಡ ಡೀಸೆಲ್ ಸೆಡಾನ್, ಹಳದಿ ಬೋರ್ಡು, ಕೆಎ-12 ನೋಂದಣಿ, ಟೂರಿಸ್ಟ್ ಪರ್ಮಿಟ್. ಬೆಂಗಳೂರಿನ ಒಂದು ಆ್ಯಪ್ ಕಂಪನಿಗೆ ಕಾರು ಅಟ್ಯಾಚ್ ಮಾಡಿ ಮೂರು ವರ್ಷವಾಗಿದೆ. ಕೊಡಗಿನಲ್ಲಿ ರೈಲು ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹಾಗಾಗಿ ಇಲ್ಲಿನ ಆ್ಯಪ್ ಬಾಡಿಗೆ ನಾಲ್ಕೈದು ಕಿಲೋಮೀಟರಿನದ್ದಲ್ಲ. ಮೈಸೂರು ರೈಲು ನಿಲ್ದಾಣ, ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣ, ಕೆಲವೊಮ್ಮೆ ನೇರ ಬೆಂಗಳೂರು. ಹೋಗುವಾಗ ಪ್ಯಾಸೆಂಜರ್, ಬರುವಾಗ ಹಲವು ಸಲ ಖಾಲಿ. ನಡುವೆ ಹೋಂಸ್ಟೇಯವರು ನೇರವಾಗಿ ಫೋನ್ ಮಾಡಿ ಕೊಡುವ ತಲಕಾವೇರಿ, ದುಬಾರೆ ಬಾಡಿಗೆಯೂ ಉಂಟು.

2025ರ ಜುಲೈ, ಮಳೆ ಜೋರು. ಚಾಲಕ ಮಡಿಕೇರಿಯಲ್ಲಿ ಒಬ್ಬರನ್ನು ಇಳಿಸಿದ್ದಾನೆ. ಆ್ಯಪಿನಲ್ಲಿ ಹೊಸ ಬುಕ್ಕಿಂಗ್ ಬರುತ್ತದೆ: ಸಂಪಾಜೆ ಕಡೆಯ ಹೋಂಸ್ಟೇಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ. ಒಪ್ಪಿಕೊಂಡು ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಇಳಿಯುತ್ತಾನೆ. ಮದೆನಾಡು ದಾಟಿದ ಮೇಲೆ ತಿರುವಿನಲ್ಲಿ ಕೆಸರು ಹರಿದು ನಿಂತಿದೆ; ಕಾರು ಜಾರಿ ರಸ್ತೆ ಬದಿಯ ಮಣ್ಣಿನ ಧರೆಗೆ ಬಡಿಯುತ್ತದೆ. ಎದುರಿನಿಂದ ಬೇರೆ ವಾಹನ ಬಂದಿಲ್ಲ, ಕಾರಿನಲ್ಲಿ ಪ್ಯಾಸೆಂಜರ್ ಇಲ್ಲ. ಬಲಗಾಲಿನ ಮೂಳೆ ಮುರಿದು, ಸುಳ್ಯದ ಆಸ್ಪತ್ರೆಯಲ್ಲಿ ರಾಡ್ ಹಾಕಿಸಿ 1,85,000 ರೂ. ಬಿಲ್. ನಾಲ್ಕು ತಿಂಗಳು ಕಾರು ಮುಟ್ಟುವಂತಿಲ್ಲ. ಕೊನೆಗೆ ವೈದ್ಯರು ಬರೆದುಕೊಟ್ಟದ್ದು ದುಡಿಮೆಯ ಶಕ್ತಿಯಲ್ಲಿ 15 ಶೇಕಡಾ ಶಾಶ್ವತ ನಷ್ಟ.

ಅತ್ತ ಹೋಂಸ್ಟೇಯಲ್ಲಿ ಕಾದ ಪ್ರವಾಸಿಗೆ ವಿಮಾನ ತಪ್ಪಿತು. ದೂರು ಹೋಯಿತು. ಮೂರನೇ ದಿನ ಚಾಲಕನ ಐಡಿ ಬ್ಲಾಕ್. ಆಸ್ಪತ್ರೆಯ ಮಂಚದಲ್ಲಿ ಬಂದ ಮೆಸೇಜಿನಲ್ಲಿ ಕಾರಣ ಒಂದೇ ಸಾಲು: ಸೇವಾ ಗುಣಮಟ್ಟ.

ಪ್ರಶ್ನೆ ಎರಡು. ಆಸ್ಪತ್ರೆ ಬಿಲ್ ಮತ್ತು ಹೋದ ದುಡಿಮೆಗೆ ಯಾರು ಹೊಣೆ? ಐಡಿಯನ್ನು ಹೀಗೆ ಬ್ಲಾಕ್ ಮಾಡಬಹುದೇ? ಎರಡಕ್ಕೂ ಮೊದಲು ಅವನು ನೌಕರನೇ ಎಂದು ತೀರ್ಮಾನವಾಗಲೇಬೇಕು ಎಂದು ವಕೀಲರೂ ಹೇಳುವುದುಂಟು. ಅದು ಅರ್ಧ ಸರಿ.

ತಿಂಗಳ ಲೆಕ್ಕ

ಕಾನೂನಿಗೆ ಹೋಗುವ ಮೊದಲು ಅವನ ದುಡಿಮೆಯ ಪುಸ್ತಕ ತೆರೆಯಬೇಕು. ಹಳೇ ತಿಂಗಳೊಂದರಲ್ಲಿ ಪ್ಯಾಸೆಂಜರ್ ಕೂತ ದೂರ 4,200 ಕಿ.ಮೀ., ಕಿಲೋಮೀಟರಿಗೆ ಸರಾಸರಿ 20 ರೂ., ಒಟ್ಟು 84,000. ಕಂಪನಿಯ ಕಮಿಷನ್ 20 ಶೇಕಡಾ, ಅಂದರೆ 16,800. ಕೈಗೆ 67,200. ಖಾಲಿ ಓಡಿದ್ದು 1,400 ಕಿ.ಮೀ.; ಒಟ್ಟು 5,600 ಕಿ.ಮೀ.ಗೆ ಲೀಟರಿಗೆ 20ರಂತೆ 280 ಲೀಟರ್ ಡೀಸೆಲ್, 91 ರೂ. ದರದಲ್ಲಿ 25,480. ಕಾರಿನ ಕಂತು 14,000. ಟೈರು, ಬ್ರೇಕ್ ಪ್ಯಾಡು, ಕ್ಲಚ್ಚು, ಸರ್ವಿಸ್ ಸೇರಿ ಕಿಲೋಮೀಟರಿಗೆ ಒಂದೂವರೆ ರೂಪಾಯಿ, 8,400. ಘಾಟಿ ರಸ್ತೆಯಲ್ಲಿ ಬ್ರೇಕು ಕ್ಲಚ್ಚು ಬಯಲು ಸೀಮೆಗಿಂತ ಬೇಗ ಸವೆಯುತ್ತವೆ, ಇದನ್ನು ಕಡಿಮೆ ಹಿಡಿಯಬಾರದು. ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿ (ವಾಹನದ ಫಿಟ್‌ನೆಸ್ ಪ್ರಮಾಣಪತ್ರ) ತಿಂಗಳಿಗೆ ಹಂಚಿದರೆ 5,000. ಉಳಿದದ್ದು 14,320 ರೂ. ತಿಂಗಳಿಗೆ 26 ದಿನ, ದಿನಕ್ಕೆ 11 ಗಂಟೆ ಲಾಗಿನ್, ಒಟ್ಟು 286 ಗಂಟೆ. ಗಂಟೆಗೆ 50 ರೂಪಾಯಿ.

ಕಂತನ್ನು ಖರ್ಚೆಂದು ಕಳೆಯಬಾರದು, ಕಾರು ಕೊನೆಗೆ ಅವನದೇ ಆಗುತ್ತದಲ್ಲ ಎಂದು ಕಂಪನಿಯವರು ವಾದಿಸಬಹುದು. ಐದು ವರ್ಷ ಹೀಗೆ ಓಡಿದ ಕಾರು ಮೂರು ಲಕ್ಷ ಕಿಲೋಮೀಟರ್ ದಾಟಿರುತ್ತದೆ. ಅದನ್ನು ಮಾರಿದರೆ ಸಿಗುವ ದುಡ್ಡು ಟ್ಯಾಕ್ಸಿಯವರಿಗೆ ಗೊತ್ತು.

ಈ ಲೆಕ್ಕ ಎರಡೂ ಕಡೆ ಕತ್ತರಿಸುತ್ತದೆ. ಬಂಡವಾಳ, ಖರ್ಚು, ನಷ್ಟದ ಅಪಾಯ ಅವನದು. ಇದು ಸ್ವಂತ ವ್ಯಾಪಾರದ ಗುರುತು. ಆದರೆ ವ್ಯಾಪಾರಿಗೆ ಇರಬೇಕಾದ ಒಂದು ಕೈಚಳಕ, ದರ ಕಟ್ಟುವುದು, ಅವನಿಗಿಲ್ಲ. ಮಂಗಳೂರಿನಿಂದ ಖಾಲಿ ಬರಬೇಕಾಗುತ್ತದೆ ಎಂದು ಗೊತ್ತಿದ್ದರೂ ಅದನ್ನು ಬಾಡಿಗೆಗೆ ಸೇರಿಸುವಂತಿಲ್ಲ. ಹೋಂಸ್ಟೇಯ ನೇರ ಬಾಡಿಗೆಯಲ್ಲಿ ಅದೇ ಚಾಲಕ ಹೋಗಿಬರುವ ಲೆಕ್ಕ ಹಾಕಿ, ಜೊತೆಗೆ ಬತ್ತಾ ಕೇಳುತ್ತಾನೆ. ಒಬ್ಬನೇ ಮನುಷ್ಯ, ಒಂದೇ ಕಾರು. ಹೋಂಸ್ಟೇ ಬಾಡಿಗೆಗೆ ಹೊರಟಾಗ ಅವನು ಗುತ್ತಿಗೆದಾರನೆಂಬುದರಲ್ಲಿ ಅನುಮಾನವಿಲ್ಲ. ಆ್ಯಪ್ ಬಾಡಿಗೆಗೆ ಹೊರಟಾಗ ಮಾತ್ರ ಅನುಮಾನ.

ನಮ್ಮ ನ್ಯಾಯಾಲಯಗಳು ಏನು ನೋಡುತ್ತವೆ

1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣ ಉಪ್ಪು ತಯಾರಿಸುವವರದು. ಅವರು ತಮ್ಮ ಜೊತೆ ಬೇರೆಯವರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು, ಕೂಲಿ ತೂಕದ ಲೆಕ್ಕದಲ್ಲಿ. ಆದರೂ ಕೆಲಸ ಹೇಗೆ ಮಾಡಬೇಕೆಂಬುದರ ಮೇಲಿನ ಹಿಡಿತ ಕಂಪನಿಯದೇ ಎಂದು ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದಿತು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಫಿ ಕುಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟ ಮಾತ್ರಕ್ಕೆ ಹಣ್ಣು ಕುಯ್ಯುವವಳು ವ್ಯಾಪಾರಿಯಾಗುವುದಿಲ್ಲ. ಹಾಗೆಯೇ ಟ್ರಿಪ್ ಲೆಕ್ಕದ ಪಾವತಿಯೊಂದೇ ಚಾಲಕನನ್ನು ಗುತ್ತಿಗೆದಾರನನ್ನಾಗಿ ಮಾಡುವುದಿಲ್ಲ.

1978ರ ಹುಸೇನ್‌ಭಾಯ್ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ನಡುವಿನ ಗುತ್ತಿಗೆದಾರನ ಪರದೆ ಸರಿಸಿ, ಹೊಟ್ಟೆಪಾಡಿನ ಮೇಲೆ ಯಾರ ಹಿಡಿತವಿದೆ ಎಂದು ನೋಡಿದರು. 2014ರ ಬಲ್ವಂತ್ ರಾಯ್ ಸಲೂಜಾ ತೀರ್ಪು ಇಷ್ಟು ಉದಾರವಲ್ಲ. ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ಶಿಸ್ತು ಕ್ರಮ ಮತ್ತು ವಜಾ ಯಾರ ಕೈಲಿ, ಕೆಲಸ ನಿರಂತರವೇ, ಹಿಡಿತ ಎಷ್ಟು, ಇವನ್ನೆಲ್ಲ ಒಟ್ಟಿಗೆ ತೂಗಬೇಕು ಎನ್ನುತ್ತದೆ.

ಈ ಚಾಲಕನನ್ನು ಅದೇ ತಕ್ಕಡಿಗೆ ಹಾಕೋಣ. ದರ ಕಂಪನಿಯದು. ಹಣ ಕಂಪನಿಯ ಮೂಲಕವೇ ಬರುತ್ತದೆ, ಕಡಿತವಾಗಿ. ಶಿಸ್ತು ರೇಟಿಂಗಿನಿಂದ, ವಜಾ ಐಡಿ ಬ್ಲಾಕಿನಿಂದ. ದಿನಾ ಲಾಗಿನ್‌ಗೆ ಸೆಲ್ಫಿ ಬೇಕು. ತನ್ನ ಬದಲಿಗೆ ತಮ್ಮನನ್ನು ಕಳುಹಿಸುವಂತಿಲ್ಲ. ಈ ಕೊನೆಯ ಅಂಶವನ್ನು ಅರ್ಜಿಗಳಲ್ಲಿ ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಆದರೆ ತೂಕ ಇರುವುದು ಅಲ್ಲೇ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 2023ರ ನವೆಂಬರ್‌ನಲ್ಲಿ ಊಟ ತಲುಪಿಸುವ ಆ್ಯಪ್ ಡೆಲಿವರೂವಿನ ಸವಾರರು ಅದೇ ಕೋರ್ಟಿನಲ್ಲಿ ಸೋತರು. ಸೋಲಿಗೆ ಮುಖ್ಯ ಕಾರಣ, ಸವಾರರು ಬದಲಿ ಜನರನ್ನು ಕಳುಹಿಸಬಹುದಿತ್ತು. ಊಬರ್ ಚಾಲಕರು ಗೆದ್ದದ್ದೂ ಪೂರ್ತಿ ನೌಕರರಾಗಿ ಅಲ್ಲ. ಅಲ್ಲಿನ ಕಾನೂನಿನಲ್ಲಿ ನೌಕರ ಮತ್ತು ಸ್ವತಂತ್ರನ ನಡುವೆ ಮೂರನೇ ವರ್ಗವೊಂದಿದೆ, ಕನಿಷ್ಠ ವೇತನ ಮತ್ತು ರಜೆ ಸಂಬಳ ಸಿಗುವ ವರ್ಗ. ಅವರನ್ನು ಸೇರಿಸಿದ್ದು ಅದಕ್ಕೆ. ನಮ್ಮ ಹಳೆಯ ಕಾರ್ಮಿಕ ಕಾನೂನಿನಲ್ಲಿ ಆ ಖಾನೆಯೇ ಇರಲಿಲ್ಲ.

ಎದುರು ತಟ್ಟೆಯಲ್ಲಿ ಏನಿದೆ? ಕಾರು ಅವನದು. ಬೇಕಾದಾಗ ಆಫ್ ಮಾಡಬಹುದು. ಇನ್ನೊಂದು ಆ್ಯಪ್ ಇಟ್ಟುಕೊಳ್ಳಬಹುದು. ಹೋಂಸ್ಟೇ ಬಾಡಿಗೆ ಇದೆ. ಕೊಡಗಿನ ಚಾಲಕನ ವಾದ ದುರ್ಬಲವಾಗುವುದು ಇಲ್ಲೇ. ಬೆಂಗಳೂರಿನಲ್ಲಿ ದಿನವಿಡೀ ಒಂದೇ ಆ್ಯಪ್ ನಂಬಿದವನಿಗೆ ಇರುವ ಅವಲಂಬನೆಯನ್ನು ಇವನು ತೋರಿಸುವುದು ಕಷ್ಟ. ಅವನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೋಂಸ್ಟೇಗಳ ಯುಪಿಐ ಪಾವತಿ ಸಾಲುಸಾಲಾಗಿ ಇರುತ್ತದೆ, ಕಂಪನಿಯ ವಕೀಲರು ಮೊದಲು ಕೇಳುವುದು ಅದನ್ನೇ.

ತೆರಿಗೆ ಕಾನೂನಿನ ಒಂದು ವಿಚಿತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಜಿಎಸ್‌ಟಿ ಕಾಯ್ದೆಯ 9(5)ನೇ ಕಲಮಿನ ಪ್ರಕಾರ ಆ್ಯಪ್ ಮೂಲಕ ಕೊಡುವ ಪ್ರಯಾಣಿಕ ಸಾರಿಗೆಗೆ ತಾನೇ ಸೇವೆ ಕೊಟ್ಟಂತೆ ಕಂಪನಿಯೇ ತೆರಿಗೆ ಕಟ್ಟಬೇಕು. ಅಪಘಾತದ ಹೊತ್ತಿಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194-ಒ ಕಲಮು ಮಾತ್ರ ಅದೇ ಚಾಲಕನನ್ನು ಇ-ಕಾಮರ್ಸ್ ಭಾಗೀದಾರ ಎಂದು ನೋಡುತ್ತಿತ್ತು, ಸಂಬಳದಾರ ಎಂದಲ್ಲ. ಎರಡನ್ನೂ ಕಡತಕ್ಕೆ ಹಾಕಿದರೆ ಕಂಪನಿ ಬರೀ ಮಧ್ಯವರ್ತಿ ಎಂಬ ವಾದ ಸ್ವಲ್ಪ ಸಡಿಲವಾಗುತ್ತದೆ, ಮುರಿಯುವುದಿಲ್ಲ.

ಕರ್ನಾಟಕದಲ್ಲೇ ಒಂದು ತೀರ್ಪಿದೆ. 2018ರಲ್ಲಿ ಓಲಾ ಚಾಲಕನ ಮೇಲೆ ಮಹಿಳೆಯೊಬ್ಬರು ಕೊಟ್ಟ ಲೈಂಗಿಕ ಕಿರುಕುಳದ ದೂರಿನಲ್ಲಿ, 2024ರ ಸೆಪ್ಟೆಂಬರ್ 30ರಂದು ಹೈಕೋರ್ಟಿನ ಏಕಸದಸ್ಯ ಪೀಠ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕಾಯ್ದೆಯ ಮಟ್ಟಿಗೆ ಚಾಲಕ ನೌಕರನೇ ಎಂದಿತು. ಮುಂದಿನ ತಿಂಗಳೇ ವಿಭಾಗೀಯ ಪೀಠ ತಡೆ ಕೊಟ್ಟಿತು. ಇದನ್ನು ಹಿಡಿದು ಚಾಲಕರೆಲ್ಲ ನೌಕರರಾಗಿಬಿಟ್ಟರು ಎಂದು ಹೇಳುವವರು ‘ಆ ಕಾಯ್ದೆಯ ಮಟ್ಟಿಗೆ’ ಎಂಬುದನ್ನು ಹಾರಿಸಿ ಓದುತ್ತಾರೆ. ಪ್ರತಿ ಕಾಯ್ದೆಗೂ ಅದರದೇ ವ್ಯಾಖ್ಯೆ. ಆದ್ದರಿಂದ ಯಾವ ಹಕ್ಕು ಕೇಳುತ್ತಿದ್ದೇವೆ ಎಂಬುದರಿಂದ ಶುರು ಮಾಡಬೇಕು.

ಮುರಿದ ಕಾಲಿನ ಹಣ

ಅಪಘಾತ ನಡೆದದ್ದು 2025ರ ಜುಲೈನಲ್ಲಿ; ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದದ್ದು ಆ ವರ್ಷದ ನವೆಂಬರ್ 21ರಂದು. ಆದ್ದರಿಂದ 1923ರ ನೌಕರರ ಪರಿಹಾರ ಕಾಯ್ದೆಯಡಿ ಲೆಕ್ಕ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಮೋಟಾರು ವಾಹನದ ಚಾಲಕ ಹೆಸರು ಹಿಡಿದು ಬರುತ್ತಾನೆ. ಯಾರ ಚಾಲಕ ಎಂಬುದಷ್ಟೇ ಜಗಳ.

ನೌಕರನೆಂದಾದರೆ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ವೇತನದ 60 ಶೇಕಡಾವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಭಾಗಶಃ ಆಗಿದ್ದರೆ ನಷ್ಟದ ಶೇಕಡಾವಾರು ಪ್ರಮಾಣ ಹಿಡಿಯಬೇಕು. 40 ವರ್ಷಕ್ಕೆ ಗುಣಕ 184.17. ವೇತನ ಎಷ್ಟೇ ಇದ್ದರೂ 2020ರಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000 ರೂ. 9,000 ಗುಣಿಸು 184.17, ಅದು 16,57,530. ಅದರ 15 ಶೇಕಡಾ 2,48,630. ಜೊತೆಗೆ ಆಸ್ಪತ್ರೆಯ ನಿಜ ಖರ್ಚು 1,85,000. ಒಟ್ಟು 4,33,630 ರೂ. ತಿಂಗಳೊಳಗೆ ಕೊಡದಿದ್ದರೆ 12 ಶೇಕಡಾ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಪರಿಹಾರದ ಅರ್ಧದವರೆಗೆ ದಂಡ. ಅವನ ‘ವೇತನ’ ಕೈಗೆ ಬಂದ 67,200ವೋ, ಖರ್ಚು ಕಳೆದ 14,320ವೋ ಎಂಬ ದೊಡ್ಡ ಜಗಳ ಇಲ್ಲಿ ಬಹುಮಟ್ಟಿಗೆ ವ್ಯರ್ಥ. 14,320 ಹಿಡಿದರೂ ಶಾಶ್ವತ ನಷ್ಟದ ಭಾಗ ಸುಮಾರು 2,37,000ಕ್ಕೆ ಇಳಿಯುತ್ತದೆ, ಅಷ್ಟೇ.

ನೌಕರನಲ್ಲವೆಂದಾದರೆ? ಮೋಟಾರು ಪಾಲಿಸಿಯಲ್ಲಿ ಕಡ್ಡಾಯವಾಗಿರುವ ಮಾಲೀಕ-ಚಾಲಕ ಅಪಘಾತ ರಕ್ಷೆ 15 ಲಕ್ಷದ್ದು. ಸಂಖ್ಯೆ ದೊಡ್ಡದು, ಆದರೆ ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದದ್ದಕ್ಕೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ. ಮುರಿದು ಕೂಡಿದ ಕಾಲಿಗೆ ಒಂದು ಪೈಸೆಯೂ ಇಲ್ಲ. ಎದುರು ವಾಹನವಿಲ್ಲದ್ದರಿಂದ ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲೂ ಮುಚ್ಚಿದೆ. ತನ್ನದೇ ಕಾರಿನ ವಿಮೆಗೆ ಮಾಲೀಕ ಮೂರನೆಯವ (ಥರ್ಡ್ ಪಾರ್ಟಿ) ಆಗುವುದಿಲ್ಲ.

ಉಳಿದದ್ದು ಕಂಪನಿ ಮಾಡಿಸಿದ ಗುಂಪು ವಿಮೆ. ಕೇಂದ್ರದ 2020ರ ಮತ್ತು 2025ರ ಅಗ್ರಿಗೇಟರ್ (ಆ್ಯಪ್ ಟ್ಯಾಕ್ಸಿ ಕಂಪನಿ) ಮಾರ್ಗಸೂಚಿಗಳು ಚಾಲಕನಿಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಇರಬೇಕೆನ್ನುತ್ತವೆ. ಮಾರ್ಗಸೂಚಿಗೆ ಬಲ ಬರುವುದು ರಾಜ್ಯ ತನ್ನ ಲೈಸೆನ್ಸ್ ಷರತ್ತಿನಲ್ಲಿ ಸೇರಿಸಿಕೊಂಡಾಗ. ಪಾಲಿಸಿ ಇದ್ದರೂ ಕೇಳಬೇಕಾದ್ದು ರಕ್ಷೆ ಯಾವ ಗಳಿಗೆಯಿಂದ ಎಂಬುದು. ಆ್ಯಪ್ ಕೆಲಸಕ್ಕೆ ಮೂರು ಘಟ್ಟ: ಲಾಗಿನ್ ಆಗಿ ಕಾಯುವುದು, ಬುಕ್ಕಿಂಗ್ ಒಪ್ಪಿ ಪ್ಯಾಸೆಂಜರ್ ಕಡೆ ಹೋಗುವುದು, ಪ್ಯಾಸೆಂಜರ್ ಕೂರಿಸಿ ಓಡಿಸುವುದು. ಈ ಕಲ್ಪಿತ ಕಂಪನಿಯ ಪಾಲಿಸಿ ಮೂರನೆಯದಕ್ಕೆ ಮಾತ್ರ. ನಗರದಲ್ಲಿ ಎರಡನೇ ಘಟ್ಟ ಹತ್ತು ನಿಮಿಷದ್ದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯಲು ಮಳೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಅದೂ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿದ್ದ ರಸ್ತೆಯಲ್ಲಿ. ಅಪಾಯ ಹೆಚ್ಚಿರುವಲ್ಲೇ ರಕ್ಷೆ ಇಲ್ಲ.

ನೌಕರ ಎಂಬ ಪಟ್ಟಿ ಅಂಟಿಸಿದರೂ ಬಿಟ್ಟರೂ, ಬುಕ್ಕಿಂಗ್ ಒಪ್ಪಿದ ಗಳಿಗೆಯಿಂದ ಕಂಪನಿಯ ಹೊಣೆ ಶುರುವಾಗಬೇಕು ಎಂಬುದು ಈ ಬರಹದ ನಿಲುವು. ಒಪ್ಪಿದ ಮೇಲೆ ಅವನು ಬೇರೆ ಬಾಡಿಗೆ ಹಿಡಿಯುವಂತಿಲ್ಲ, ರದ್ದು ಮಾಡಿದರೆ ದಂಡ, ದಾರಿ ಆ್ಯಪ್ ತೋರಿಸಿದ್ದು. ಆ ಒಂದು ಗಂಟೆಯಲ್ಲಿ ಅವನು ಸ್ವತಂತ್ರ ಎಂದರೆ ನಂಬುವುದು ಹೇಗೆ?

ಬ್ಲಾಕ್ ಆದ ಐಡಿ

ಇಲ್ಲಿ ನೌಕರನೆಂದು ಸಾಬೀತು ಮಾಡುವ ಹಂಗೇ ಬೇಡ. ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾನೂನು 2025ರ ಮೇ ಕೊನೆಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಅದರಡಿ ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಇಲ್ಲದೆ ಗಿಗ್ ಕಾರ್ಮಿಕನನ್ನು, ಅಂದರೆ ಆ್ಯಪ್ ಮೂಲಕ ಬಿಡಿ ಕೆಲಸ ಹಿಡಿಯುವವನನ್ನು, ತೆಗೆಯುವಂತಿಲ್ಲ. ಕಡಿತ ಯಾಕೆ, ರೇಟಿಂಗ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಲು ಹಕ್ಕಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ 1ರಿಂದ 5 ಶೇಕಡಾದೊಳಗೆ ಸರ್ಕಾರ ನಿಗದಿ ಮಾಡಿದ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು.

ಕಂಪನಿಯ ಉತ್ತರ ಹೀಗಿರಬಹುದು: ಇದು ತೆಗೆದುಹಾಕಿದ್ದಲ್ಲ, ಪರಿಶೀಲನೆಗಾಗಿ ತಾತ್ಕಾಲಿಕ ತಡೆ. ಆದ್ದರಿಂದ ಮೊದಲ ಪತ್ರದಲ್ಲೇ ಮೂರು ವಿಷಯ ಕೇಳಬೇಕು: ಇದು ತಡೆಯೋ ವಜಾವೋ, ಒಪ್ಪಂದದ ಯಾವ ಕಲಮಿನಡಿ, ಎಂದು ಮುಗಿಯುತ್ತದೆ. ಆಸ್ಪತ್ರೆಯ ದಾಖಲಾತಿ ಚೀಟಿ ಲಗತ್ತಿಸಿ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಕಳುಹಿಸಬೇಕು. ಆ್ಯಪಿನೊಳಗಿನ ಚಾಟ್‌ನಲ್ಲಿ ಬರೆದದ್ದು ಐಡಿಯ ಜೊತೆಗೇ ಮಾಯವಾಗುತ್ತದೆ. ಉತ್ತರ ಬಾರದಿದ್ದರೆ ಇದೇ ಕಾನೂನಿನಡಿಯ ಕಲ್ಯಾಣ ಮಂಡಳಿಯ ದೂರು ವ್ಯವಸ್ಥೆಗೆ ಹೋಗಬೇಕು.

ನೌಕರ ಎಂಬ ವಾದ ಹಿಡಿದು ಕಾರ್ಮಿಕ ಅಧಿಕಾರಿಯ ಸಂಧಾನ, ಅಲ್ಲಿಂದ ನ್ಯಾಯಮಂಡಳಿ ಎಂಬ ದಾರಿಯೂ ಇದೆ. ಅಲ್ಲಿ ಕೇಳುವ, ಹನ್ನೆರಡು ತಿಂಗಳಲ್ಲಿ 240 ದಿನದ ಕೆಲಸವನ್ನು ಇವನು ತೋರಿಸಬಲ್ಲ. ಆದರೆ ಆ ದಾರಿ ವರ್ಷಗಟ್ಟಲೆ ಎಳೆಯುತ್ತದೆ, ಕಂತು ತಿಂಗಳ ಐದಕ್ಕೆ ಬರುತ್ತದೆ.

ಸಾಕ್ಷ್ಯ ಎಲ್ಲಿ ಕೈಕೊಡುತ್ತದೆ

ಇಂಥ ಪ್ರಕರಣಗಳು ಕಾನೂನಿನ ದೊಡ್ಡ ವಾದಕ್ಕಿಂತ ಮೊದಲೇ ಸಿಗ್ನಲ್ಲಿನಲ್ಲಿ ಸೋಲಬಹುದು. ಘಾಟಿಯಲ್ಲಿ ನೆಟ್‌ವರ್ಕ್ ಹೋದರೆ ಕಂಪನಿಯ ದಾಖಲೆಯಲ್ಲಿ ಅಪಘಾತದ ಗಳಿಗೆಗೆ ಚಾಲಕ ‘ಆಫ್‌ಲೈನ್’ ಎಂದಿರುತ್ತದೆ. ಅದನ್ನು ಮುರಿಯಲು ಹೊರಗಿನ ದಾಖಲೆ ಬೇಕು: 108 ಆಂಬುಲೆನ್ಸಿನ ಕರೆಯ ಸಮಯ, 112ಕ್ಕೆ ಮಾಡಿದ ಕರೆ, ಠಾಣೆಯ ದಾಖಲೆ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಬುಕ್ಕಿಂಗ್ ಒಪ್ಪಿದಾಗ ಬಂದ ಎಸ್ಸೆಮ್ಮೆಸ್, ಕಾದ ಪ್ರವಾಸಿಯೋ ಹೋಂಸ್ಟೇಯವರೋ ಮಾಡಿದ ಫೋನಿನ ವಿವರ. ವಿಮಾನ ತಪ್ಪಿದ ಪ್ರವಾಸಿಯ ದೂರೇ ಇಲ್ಲಿ ಚಾಲಕನಿಗೆ ಒಳ್ಳೆಯ ಸಾಕ್ಷಿ. ಆ ಹೊತ್ತಿಗೆ ಅವನು ಬುಕ್ಕಿಂಗಿನ ಮೇಲಿದ್ದ ಎಂದು ಕಂಪನಿಯ ಕಡತವೇ ಹೇಳಿದಂತಾಯಿತು.

ಆಸ್ಪತ್ರೆಯಲ್ಲಿ ಹೇಳಿಕೆ ಕೊಡುವಾಗ ‘ಮನೆ ಕಡೆ ಬರ್ತಾ ಇದ್ದೆ’ ಎಂದು ಯಾರೋ ಬರೆಸಿಬಿಟ್ಟರೆ ಪ್ರಕರಣ ಅಲ್ಲಿಗೇ ಮುಗಿಯಿತು. ನೋವಿನಲ್ಲಿರುವವನ ಬದಲು ಸಂಬಂಧಿಕರು ಮಾತಾಡುವುದು ಸಾಮಾನ್ಯ. ಅವರಿಗೆ ಬುಕ್ಕಿಂಗಿನ ವಿಷಯ ಗೊತ್ತಿರುವುದಿಲ್ಲ.

ಕಾರು ಅವನದಲ್ಲದೆ, ಕುಶಾಲನಗರದ ಯಾರೋ ನಾಲ್ಕು ಕಾರಿಟ್ಟವರದ್ದಾಗಿದ್ದರೆ ಚಿತ್ರವೇ ಬೇರೆ. ಆಗ ಆ ಮಾಲೀಕನೇ ನೇರ ಉದ್ಯೋಗದಾತ. ಪಾಲಿಸಿಯಲ್ಲಿ ಪೇಯ್ಡ್ ಡ್ರೈವರ್ (ಸಂಬಳದ ಚಾಲಕ) ಹೊಣೆಗೆ 50 ರೂ. ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಪಾಲಿಸಿ ನವೀಕರಿಸುವಾಗ ಆ ಸಾಲು ಇದೆಯೇ ಎಂದು ಮಾಲೀಕರು ನೋಡಿಕೊಳ್ಳುವುದು ಲೇಸು.

ಅರ್ಜಿ ಹೇಗೆ

ಒಪ್ಪಂದದಲ್ಲಿ ‘ವ್ಯಾಜ್ಯವೆಲ್ಲ ಬೆಂಗಳೂರಿನಲ್ಲಿ, ಮಧ್ಯಸ್ಥಿಕೆಯಿಂದ’ ಎಂದಿದೆ. 1923ರ ಕಾಯ್ದೆಯ 21ನೇ ಕಲಮಿನಂತೆ ಅಪಘಾತ ನಡೆದ ಜಾಗದಲ್ಲಿ ಅಥವಾ ಅರ್ಜಿದಾರ ವಾಸವಿರುವಲ್ಲಿ ಅರ್ಜಿ ಹಾಕಬಹುದು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ 17ನೇ ಕಲಮಿನಡಿ ಊರ್ಜಿತವಲ್ಲ. ಸುಳ್ಯದಲ್ಲಿ ಚಿಕಿತ್ಸೆ, ಬೆಂಗಳೂರಿನಲ್ಲಿ ಕಂಪನಿ ಎಂದು ಅಲೆಯಬೇಕಿಲ್ಲ, ಕೊಡಗಿನಲ್ಲೇ ಹಾಕಬಹುದು.

ಅರ್ಜಿಯಲ್ಲಿ ಮೊದಲ ಬೇಡಿಕೆ, ಬುಕ್ಕಿಂಗ್ ಒಪ್ಪಿದ ಮೇಲಿನ ಅವಧಿಗೆ ಈ ಕಾಯ್ದೆಯ ಮಟ್ಟಿಗೆ ತಾನು ನೌಕರ ಎಂಬುದು. ಇಡೀ ಮೂರು ವರ್ಷಕ್ಕೆ ನೌಕರ ಎಂದು ಕೇಳಲು ಹೋದರೆ ಹೋಂಸ್ಟೇ ಬಾಡಿಗೆಗಳೆಲ್ಲ ಎದುರು ನಿಲ್ಲುತ್ತವೆ. ಕಂಪನಿಯ ಗುಂಪು ವಿಮೆಯಿಂದ ಬರಬೇಕಾದ್ದನ್ನು ಬೇರೆಯಾಗಿ, ವಿಮೆಗಾರನಿಗೇ ಬರೆದು ಕೇಳಬೇಕು. ನಿರಾಕರಿಸಿದರೆ ಲಿಖಿತವಾಗಿ ನಿರಾಕರಿಸಲಿ. ಐಡಿಯ ವಿಷಯವನ್ನು ಈ ಅರ್ಜಿಗೆ ಬೆರೆಸದೆ ಗಿಗ್ ಕಾನೂನಿನ ದಾರಿಯಲ್ಲೇ ಇಡಬೇಕು, ಯಾಕೆಂದರೆ ಅಲ್ಲಿ ಅವನು ಗಿಗ್ ಕಾರ್ಮಿಕ ಎಂದು ಕೇಳುತ್ತಿದ್ದಾನೆ. ಎರಡೂ ಒಂದಕ್ಕೊಂದು ವಿರುದ್ಧ ಎಂದು ಕಂಪನಿ ಹೇಳಿಯೇ ಹೇಳುತ್ತದೆ. ಒಂದು ಕಾಯ್ದೆಯಡಿ ಗಿಗ್ ಕಾರ್ಮಿಕನಾದವನು ಇನ್ನೊಂದರ ಅಪಘಾತ ಪರಿಹಾರಕ್ಕೆ ನೌಕರನಾಗಬಾರದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೇ.

ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು. ಈ ಪ್ರಕರಣಕ್ಕೆ ಅದು 2027ರ ಜುಲೈ. ಶಾಶ್ವತ ನಷ್ಟದ ಪ್ರಮಾಣಪತ್ರ ಮೂಳೆ ಕೂಡಿದ ಮೇಲಷ್ಟೇ ಸಿಗುವುದರಿಂದ ಕಾಯುವುದು ಸಹಜ. ಆದರೆ ಅಪಘಾತದ ನೋಟಿಸನ್ನು ಕಂಪನಿಗೆ ಕೂಡಲೇ ಕೊಟ್ಟಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಡ.